ತಾಮ್ರದ ಆನೆ, ಬೆಳ್ಳಿಯ ಆನೆ: ನಾಣ್ಯದ ಫೋಟೋ ತೆಗೆಯುವ ನನ್ನ ಕ್ರಮ

ಟಿಪ್ಪು ಕಾಲದ ಆನೆ ಕಾಸನ್ನು ಕಿಟಕಿ ಪಕ್ಕ ಹಿಡಿದು ಬೆರಳಲ್ಲೇ ಸ್ವಲ್ಪ ಓರೆ ಮಾಡಿ ನೋಡಿ. ಸೊಂಡಿಲು, ಬಾಲ, ಹಿಂಬದಿಯ ಪರ್ಷಿಯನ್ ಅಕ್ಷರ ಎಲ್ಲ ಎದ್ದು ಬರುತ್ತವೆ. ಅದನ್ನೇ ಮೇಜಿನ ಮೇಲಿಟ್ಟು ಫೋಟೋ ತೆಗೆದರೆ ಸಿಗುವುದು ಒಂದು ಕಪ್ಪು ಬಿಲ್ಲೆ. ಕೈ ತಾನಾಗಿ ಕಂಡುಕೊಳ್ಳುವ ಆ ಓರೆಯನ್ನು ದೀಪ ಸರಿಸಿ ಸರಿಸಿ ಹುಡುಕುವುದೇ ಈ ಕೆಲಸದ ಮುಕ್ಕಾಲು ಪಾಲು. ಹೊಸ ಲೆನ್ಸ್ ಕೊಳ್ಳಲು ಹೊರಟವರಿಗೆಲ್ಲ ನಾನು ಮೊದಲು ಕತ್ತು ಬಾಗುವ ಟೇಬಲ್ ಲ್ಯಾಂಪ್ ಎರಡು ತಗೊಳ್ಳಿ ಅನ್ನುತ್ತೇನೆ. ಎರಡರಲ್ಲೂ ಒಂದೇ ಜಾತಿಯ ಬಲ್ಬ್ ಇರಬೇಕು, ಅಷ್ಟೆ.

ನನ್ನ ಕ್ಯಾಮೆರಾ ಹಳೆಯ ಡಿಎಸ್‌ಎಲ್‌ಆರ್, ಜೊತೆಗೆ ತೀರಾ ಹತ್ತಿರದಿಂದ ತೆಗೆಯಲು 100 ಮಿಮೀ ಮ್ಯಾಕ್ರೊ ಲೆನ್ಸ್. ಫೋಟೋ ಸ್ಟುಡಿಯೊಗಳಲ್ಲಿ ಹಿಂದೆ ಪ್ರಿಂಟ್ ಹಾಕಲು ಇಟ್ಟಿರುತ್ತಿದ್ದ ಎನ್‌ಲಾರ್ಜರ್‌ನ ಕಂಬಕ್ಕೆ ಅದನ್ನು ಕೆಳಮುಖವಾಗಿ ಕಟ್ಟಿದ್ದೇನೆ. ನೇರವಾಗಿ ನಿಂತಿದೆಯೇ ಎಂದು ನೋಡಲು ನಾಣ್ಯದ ಜಾಗದಲ್ಲಿ ಒಂದು ಚಿಕ್ಕ ಕನ್ನಡಿ ಇಡುತ್ತೇನೆ. ಲೆನ್ಸಿನ ಪ್ರತಿಬಿಂಬ ಚಿತ್ರದ ನಟ್ಟನಡುವೆ ಬಂದರೆ ಸರಿ. ಪಕ್ಕಕ್ಕೆ ಜಾರಿದ್ದರೆ ನಾಣ್ಯದ ಒಂದು ಅಂಚು ಮಸುಕಾಗುವುದು ಖಂಡಿತ. ಫೋನಿನಲ್ಲೂ ಈ ಕೆಲಸ ಆಗುತ್ತದೆ. ಆದರೆ ತೀರಾ ಹತ್ತಿರ ಹೋದರೆ ಫೋನಿನದೇ ನೆರಳು ನಾಣ್ಯದ ಮೇಲೆ ಕೂರುತ್ತದೆ, ಜೊತೆಗೆ ಎಷ್ಟೋ ಫೋನುಗಳು ಸದ್ದಿಲ್ಲದೆ ವೈಡ್ ಲೆನ್ಸಿಗೆ ಬದಲಾಗಿ ದುಂಡಗಿನ ನಾಣ್ಯವನ್ನು ಸೊಟ್ಟ ಮಾಡುತ್ತವೆ. ದೂರ ನಿಂತು 2ಎಕ್ಸ್ ಅಥವಾ 3ಎಕ್ಸ್‌ನಲ್ಲಿ ತೆಗೆದು ಆಮೇಲೆ ಕ್ರಾಪ್ ಮಾಡುವುದೇ ವಾಸಿ.

ದೀಪದ ಜಾಗವನ್ನು ಗಡಿಯಾರದ ಲೆಕ್ಕದಲ್ಲಿ ಹೇಳುತ್ತೇನೆ, ನಾಣ್ಯದ ಮೇಲ್ತುದಿ ಹನ್ನೆರಡು ಗಂಟೆ. ಸವೆದ ತಾಮ್ರಕ್ಕೆ ಒಂದೇ ದೀಪ, ಹತ್ತು ಗಂಟೆಯ ಕಡೆ, ಸಾಕಷ್ಟು ತಗ್ಗಿನಲ್ಲಿ. ಉಬ್ಬು ಉಳಿದಿರುವುದೇ ಕೂದಲೆಳೆಯಷ್ಟು. ಅದರ ನೆರಳು ಉದ್ದ ಬಿದ್ದರೆ ಮಾತ್ರ ಕಣ್ಣಿಗೆ ಸಿಗುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಇಪ್ಪತ್ತು ಕಾಸಿನ ಮೇಲೂ ಆನೆ ಇದೆ. ಆನೆಯ ಮೇಲೆ ‘ಶ್ರೀ’, ಸೂರ್ಯ, ಚಂದ್ರ. ದೀಪ ಎತ್ತರದಲ್ಲಿದ್ದಾಗ ಮಾಯವಾಗಿದ್ದ ಚಂದ್ರ, ದೀಪ ತಗ್ಗಿಸುತ್ತಾ ಬಂದ ಹಾಗೆ ಮೂಡುತ್ತಾನೆ. ಎರಡನೇ ದೀಪದ ಬದಲು ಎದುರುಗಡೆ ಒಂದು ಬಿಳಿ ಕಾರ್ಡ್ ನಿಲ್ಲಿಸಿದರೆ ನೆರಳು ತೀರಾ ಗಾಢವಾಗುವುದಿಲ್ಲ. ಬೆಳಕು ಆರು ಗಂಟೆಯ ಕಡೆಯಿಂದ ಮಾತ್ರ ಬರಕೂಡದು. ಬೆಳಕು ಮೇಲಿನಿಂದ ಬೀಳುವುದೇ ನಮ್ಮ ಕಣ್ಣಿಗೆ ರೂಢಿ. ಕೆಳಗಿನಿಂದ ಬಂದರೆ ಉಬ್ಬಿದ ಆನೆ ಕೊರೆದ ಗುಂಡಿಯ ಹಾಗೆ ಕಾಣುತ್ತದೆ.

ಬೆಳ್ಳಿಯ ಕಥೆ ಬೇರೆ. 1911ರ ಐದನೇ ಜಾರ್ಜ್ ರೂಪಾಯಿಯನ್ನು ಸಂಗ್ರಾಹಕರು ‘ಹಂದಿ ರೂಪಾಯಿ’ ಅನ್ನುತ್ತಾರೆ. ರಾಜನ ನಿಲುವಂಗಿಯ ಮೇಲಿನ ಪುಟ್ಟ ಆನೆಗೆ ಸೊಂಡಿಲು ಮೋಟಾಗಿ ಅದು ಹಂದಿಯಂತೆ ಕಂಡಿತು, ಜನ ಆಕ್ಷೇಪಿಸಿದರು, 1912ರಿಂದ ಆನೆಯನ್ನು ತಿದ್ದಿದರು. ಫೋಟೋ ನೋಡುವವರು ಹುಡುಕುವುದು ಆ ಒಂದು ಚೂರನ್ನೇ. ಇಲ್ಲಿ ದೀಪ ತಗ್ಗಿಸಿದರೆ ಸಣ್ಣಪುಟ್ಟ ಗೀರೆಲ್ಲ ದೊಡ್ಡ ಗಾಯದಂತೆ ಕಾಣುತ್ತದೆ. ಹಾಗಾಗಿ ಎರಡೂ ದೀಪಗಳನ್ನು ಹತ್ತು ಮತ್ತು ಎರಡು ಗಂಟೆಯ ಕಡೆ, ಆದಷ್ಟೂ ಎತ್ತರಕ್ಕೆ, ಲೆನ್ಸಿನ ಪಕ್ಕಕ್ಕೇ ತರುತ್ತೇನೆ. ದೀಪಕ್ಕೆ ಟಿಶ್ಯೂ ಅಥವಾ ಬಟರ್ ಪೇಪರ್ ಸುತ್ತಿ ಎನ್ನುವ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಒಡವೆಗಾದರೆ ಒಪ್ಪಿದೆ. ಚಲಾವಣೆಗೇ ಬೀಳದ ರೂಪಾಯಿಯ ಮೇಲೆ ಓರೆ ಮಾಡಿದಾಗ ಸುತ್ತು ಹೊಡೆಯುವ ಹೊಳಪಿರುತ್ತದಲ್ಲ, ಬೆಳಕು ಹರಡಿಬಿಟ್ಟರೆ ಅದು ಸತ್ತೇಹೋಗುತ್ತದೆ, ನಾಣ್ಯ ಅಲ್ಯೂಮಿನಿಯಂ ತಗಡಾಗುತ್ತದೆ.

ಸಂಗ್ರಾಹಕರಿಗೆಂದೇ ವಿಶೇಷವಾಗಿ ಅಚ್ಚು ಹಾಕಿದ, ಕನ್ನಡಿಯಂತೆ ಮಿನುಗುವ ಪ್ರೂಫ್ ನಾಣ್ಯಕ್ಕೆ ಇದೂ ಸಾಲದು. ಫೋಟೋ ಫ್ರೇಮಿನ ತೆಳ್ಳನೆಯ ಗಾಜನ್ನು ಲೆನ್ಸಿಗೂ ನಾಣ್ಯಕ್ಕೂ ನಡುವೆ 45 ಡಿಗ್ರಿ ಓರೆಯಲ್ಲಿ ನಿಲ್ಲಿಸಿ ಪಕ್ಕದಿಂದ ಬೆಳಕು ಬಿಡುತ್ತೇನೆ. ಗಾಜಿಗೆ ತಾಗಿದ ಬೆಳಕು ನೇರ ಕೆಳಗಿಳಿದು, ನಾಣ್ಯಕ್ಕೆ ಬಡಿದು, ಗಾಜಿನ ಮೂಲಕವೇ ಲೆನ್ಸಿಗೆ ಏರುತ್ತದೆ. ದೀಪ ನಾಣ್ಯಕ್ಕೆ ನೇರವಾಗಿ ತಾಗದ ಹಾಗೆ ನಡುವೆ ಒಂದು ರಟ್ಟು, ಆಚೆ ಬದಿಯಲ್ಲಿ ಕರಿ ಬಟ್ಟೆ ಇಡಬೇಕು.

ಕ್ಯಾಮೆರಾದ ಸೆಟ್ಟಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ: ಲೆನ್ಸಿನ ಕಿಂಡಿ ಎಫ್/8, ಐಎಸ್‌ಒ 100, ಎರಡು ಸೆಕೆಂಡಿನ ಟೈಮರ್. ನಮ್ಮ ಕರೆಂಟು 50 ಹರ್ಟ್ಸ್‌ನದು; ಅಗ್ಗದ ಎಲ್‌ಇಡಿ ಅದರ ಜೊತೆ ಮಿನುಗಿ ಫೋಟೋದಲ್ಲಿ ಪಟ್ಟೆ ಬಂದರೆ ಶಟರನ್ನು 1/50 ಅಥವಾ 1/25ಕ್ಕೆ ಇಳಿಸಿ. ಕರಿ ಬಟ್ಟೆಯ ಮೇಲೆ ನಾಣ್ಯ ಇಟ್ಟರೆ ಕ್ಯಾಮೆರಾ ಕತ್ತಲೆಂದು ತಿಳಿದು ಬೆಳ್ಳಿಯನ್ನು ಸುಟ್ಟ ಬಿಳುಪಾಗಿಸುತ್ತದೆ. ನಾನು ಬೂದು ಬಣ್ಣದ ಕಾಗದ ಹಾಸಿ ವೈಟ್ ಬ್ಯಾಲೆನ್ಸನ್ನೂ ಅದರ ಮೇಲೇ ಹೊಂದಿಸುತ್ತೇನೆ. ನಾಣ್ಯವನ್ನು ಒಂದು ರಬ್ಬರ್ ತುಂಡಿನ ಮೇಲೆ ಎತ್ತರಿಸಿಟ್ಟರೆ ಸುತ್ತಲಿನ ನೆರಳು ದೂರ ಹೋಗಿ ಅಂಚು ಸ್ವಚ್ಛವಾಗಿ ಬರುತ್ತದೆ.

ಹೆಚ್ಚು ಸತಾಯಿಸುವುದು ಕಂಠೀರಾಯ ಹಣ ಎಂಬ ಮೈಸೂರಿನ ಪುಟ್ಟ ಚಿನ್ನದ ನಾಣ್ಯ. ಕಡಲೆಬೇಳೆಯಷ್ಟು ಗಾತ್ರ, ತೂಕ ಸುಮಾರು 0.35 ಗ್ರಾಂ, ಅಷ್ಟರಲ್ಲೇ ನರಸಿಂಹ ಕೂತಿದ್ದಾನೆ. ಅಷ್ಟು ಹತ್ತಿರದಿಂದ ತೆಗೆದಾಗ ಮುಖಕ್ಕೆ ಫೋಕಸ್ ಆದರೆ ಅಂಚಿಗೆ ಆಗದು. ಎರಡಕ್ಕೂ ಆಗಲೆಂದು ಕಿಂಡಿಯನ್ನು ಎಫ್/16ಕ್ಕೆ ಕಿರಿದಾಗಿಸಿದರೆ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಫೋಕಸನ್ನು ಚೂರು ಚೂರೇ ಸರಿಸುತ್ತಾ ಹಲವು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದಾಗಿ ಜೋಡಿಸುವುದೇ ದಾರಿ. ಧೂಳಿದ್ದರೆ ಗಾಳಿ ಊದುವ ರಬ್ಬರ್ ಬುಂಡೆ ಸಾಕು, ಬಟ್ಟೆ ಬೇಡ. ಫೋಟೋಗೆ ಹೊಳೆಯಲಿ ಎಂದು ಹುಣಸೆಹಣ್ಣು ಹಾಕಿ ತಾಮ್ರದ ಕಾಸನ್ನು ಉಜ್ಜುವವರನ್ನು ನೋಡಿದ್ದೇನೆ. ಇನ್ನೂರು ವರ್ಷದಲ್ಲಿ ಕೂತ ಬಣ್ಣ ಅರ್ಧ ನಿಮಿಷದಲ್ಲಿ ಹೋಗುತ್ತದೆ, ಬೆಲೆಯೂ ಅದರ ಹಿಂದೆಯೇ.

ತೆಗೆದ ಮೇಲೆ ತಿದ್ದುವುದು ಕಡಿಮೆ: ಕ್ರಾಪ್, ಸ್ವಲ್ಪ ಎಕ್ಸ್‌ಪೋಷರ್, ಅಷ್ಟೆ. ಫೈಲಿನ ಹೆಸರಿನಲ್ಲೇ ತೂಕ, ವ್ಯಾಸ ಬರೆದಿಡುತ್ತೇನೆ. ಎರಡು ಆನೆಗಳು ಮುಖಾಮುಖಿ ಚಂದ ಕಾಣಲಿ ಎಂದು ಒಂದು ಚಿತ್ರವನ್ನು ಫ್ಲಿಪ್ ಮಾಡುವವರಿದ್ದಾರೆ. ಟಿಪ್ಪುವಿನ ನಾಣ್ಯದ ವಿಷಯದಲ್ಲಿ ಇದು ಸುಮ್ಮನೆ ಬಿಡುವಂಥದ್ದಲ್ಲ. ಎಡಕ್ಕೆ ಮುಖ ಮಾಡಿದ ಆನೆ, ಬಲಕ್ಕೆ ಮುಖ ಮಾಡಿದ ಆನೆ ಬೇರೆ ಬೇರೆ ಬಗೆಯ ನಾಣ್ಯಗಳು. ಅವನು ತಂದ ಮೌಲೂದಿ ಎಂಬ ಕಾಲಗಣನೆಯ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ತಿರುಗಿಸಿದ ಚಿತ್ರದಲ್ಲಿ ಅಂಕಿಗಳ ಸಾಲೂ ತಿರುವುಮುರುವಾಗಿ, ಅಕ್ಷರ ಓದಲು ಬಾರದವರಿಗೆ ಅನುಮಾನವೂ ಹುಟ್ಟುವುದಿಲ್ಲ.