ಎಫ್ ಕೀ ಸವೆದ ಪುಟಾಣಿ ಲ್ಯಾಪ್‌ಟಾಪ್

ನನ್ನ ಲ್ಯಾಪ್‌ಟಾಪಿನಲ್ಲಿ ಮೊದಲು ಸವೆದದ್ದು ಎಫ್ ಕೀ. ಇಂಗ್ಲಿಷ್ ಟೈಪ್ ಮಾಡುವವರಿಗೆ ಇದು ವಿಚಿತ್ರ ಅನ್ನಿಸಬಹುದು. ನಾನು ದಿನವಿಡೀ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯಲ್ಲಿ ಕನ್ನಡ ಕುಟ್ಟುವವನು. ಅದರಲ್ಲಿ ಒತ್ತಕ್ಷರ ಬೇಕಾದಾಗಲೆಲ್ಲ ಎಫ್ ಒತ್ತಬೇಕು. ಅಮ್ಮ ಅಂತ ಬರೆಯಲು ಎ, ಎಂ, ಎಫ್, ಎಂ. ಅಪ್ಪನಿಗೂ ಒಂದು ಎಫ್, ಅಕ್ಕನಿಗೂ ಒಂದು, ಅಣ್ಣನಿಗೂ ಒಂದು. ಒತ್ತಕ್ಷರ ಇಲ್ಲದ ಒಂದು ವಾಕ್ಯ ಬರೆದು ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ.

ಇದು ಆಸುಸ್ ಈ ಪಿಸಿ 1005 ಎಚ್‌ಎ. 2009ರ ಮಾದರಿ. 10.1 ಇಂಚಿನ ಪರದೆ, 1.66 ಗಿಗಾಹರ್ಟ್ಸ್‌ನ ಇಂಟೆಲ್ ಆಟಮ್ ಎನ್280, 1 ಜಿಬಿ ರ‍್ಯಾಮ್, 160 ಜಿಬಿ ಹಾರ್ಡ್ ಡಿಸ್ಕ್, ಒಳಗೆ ವಿಂಡೋಸ್ ಎಕ್ಸ್‌ಪಿ. ಆಗ ಇಂಥವನ್ನು ನೆಟ್‌ಬುಕ್ ಅನ್ನುತ್ತಿದ್ದರು. 2007ರಲ್ಲಿ 7 ಇಂಚಿನ ಮೊದಲ ಈ ಪಿಸಿ ಬಂದಾಗ ಶುರುವಾದ ಹುಚ್ಚು, ಟ್ಯಾಬ್ಲೆಟ್‌ಗಳು ಬಂದ ಮೇಲೆ 2013ರ ಹೊತ್ತಿಗೆ ತಣ್ಣಗಾಯಿತು. ನಮ್ಮಣ್ಣ ಬೆಂಗಳೂರಿನಲ್ಲಿ ಇದನ್ನು ಕೊಂಡು, ಮೂರು ವರ್ಷ ಬಳಸಿ, ಸಾಗರದ ಮನೆಯ ಅಟ್ಟಕ್ಕೆ ಏರಿಸಿದ್ದ. 2021ರ ಮಳೆಗಾಲದಲ್ಲಿ ನನ್ನ ದೊಡ್ಡ ಲ್ಯಾಪ್‌ಟಾಪ್ ಕೈಕೊಟ್ಟಿತು. ಅದರ ರಿಪೇರಿಗೆ ಹೇಳಿದ ದುಡ್ಡು ಕೇಳಿ ನಾನು ಅಟ್ಟ ಹತ್ತಿದೆ.

ನನ್ನ ಕೆಲಸ ಪ್ರೂಫ್ ನೋಡುವುದು. ಪ್ರಕಾಶಕರು ಕಳಿಸಿದ ಕರಡು ತಿದ್ದಿ ವಾಪಸ್ ಕಳಿಸುವುದು, ನಡುವೆ ಅಷ್ಟೋ ಇಷ್ಟೋ ಸ್ವಂತ ಬರವಣಿಗೆ. ಇದಕ್ಕೆ ಎಷ್ಟು ಕಂಪ್ಯೂಟರ್ ಬೇಕು? ಯೂನಿಕೋಡ್‌ನಲ್ಲಿ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರಸಂಕೇತ), ಅದರ ಯುಟಿಎಫ್-8 ರೂಪದಲ್ಲಿ, ಉಳಿಸಿದ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು. ಕ ಒಂದು, ದೀರ್ಘ ಒಂದು, ಒತ್ತಕ್ಷರಕ್ಕೆ ಎರಡು, ಹೀಗೆ ಬೇರೆ ಬೇರೆ ಲೆಕ್ಕ. ಹಾಗೆ ಲೆಕ್ಕ ಹಾಕಿದರೂ 200 ಪುಟದ ಕಾದಂಬರಿಯ ಬರೀ ಪಠ್ಯ ಒಂದೂವರೆ ಎಂಬಿ ಆಸುಪಾಸು. ಸುದ್ದಿ ತಾಣದ ಒಂದೇ ಪುಟ ತೆರೆದರೆ ಅದಕ್ಕಿಂತ ಜಾಸ್ತಿ ಇಳಿದುಬಿಡುತ್ತದೆ. ಈ ಲೆಕ್ಕ ತಲೆಗೆ ಹೋದ ದಿನ ಈ ಯಂತ್ರದ ಮೇಲೆ ನನಗೆ ನಂಬಿಕೆ ಬಂತು. ಇದಕ್ಕೆ ಬರವಣಿಗೆ ಯಾವತ್ತೂ ಭಾರವಾಗಿಲ್ಲ. ಭಾರ ಆಗಿದ್ದು ಬೇರೆಯದು, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲ ಸಲ ಆನ್ ಮಾಡಿದಾಗ ಎಕ್ಸ್‌ಪಿ ಎದ್ದಿತು. ಏಳುವಷ್ಟರಲ್ಲಿ ನಾನು ಕಾಫಿ ಕುಡಿದು ಲೋಟ ತೊಳೆದಿಟ್ಟಿದ್ದೆ. ಎಕ್ಸ್‌ಪಿಗೆ ದುರಸ್ತಿ ಕೊಡುವುದನ್ನು ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ನಿಲ್ಲಿಸಿ ಕೈ ತೊಳೆದುಕೊಂಡಿದೆ. ಅದರಲ್ಲಿ ಇಂಟರ್‌ನೆಟ್ಟಿಗೆ ಹೋಗುವುದು ಅಂದರೆ ಬಾಗಿಲು ತೆಗೆದಿಟ್ಟು ಮಲಗಿದ ಹಾಗೆ. ಹಾಗಾಗಿ ಲಿನಕ್ಸ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂ ಹಾಕುವುದು ಖಚಿತವಾಗಿತ್ತು. ಅದಕ್ಕೂ ಮೊದಲು ರ‍್ಯಾಮ್ ಮತ್ತು ಡಿಸ್ಕ್ ಬದಲಿಸಬೇಕಿತ್ತು.

ರ‍್ಯಾಮ್ ಸಿಕ್ಕಿದ್ದು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ. ಇದಕ್ಕೆ ಬೇಕಾದದ್ದು ಲ್ಯಾಪ್‌ಟಾಪಿನ ಡಿಡಿಆರ್2. ಒಂದೇ ಸ್ಲಾಟ್, ಗರಿಷ್ಠ 2 ಜಿಬಿ. ನಾಲ್ಕು ಅಂಗಡಿಯಲ್ಲಿ ತಲೆ ಅಲ್ಲಾಡಿಸಿದರು. ಐದನೆಯವನು ಲ್ಯಾಪ್‌ಟಾಪನ್ನು ತಿರುಗಿಸಿ ಮುರುಗಿಸಿ ನೋಡಿ, "ಸಾರ್, ಇದಿನ್ನೂ ಬದುಕಿದ್ಯಾ?" ಅಂದ. ಆಮೇಲೆ ಒಂದು ಬಿಸ್ಕತ್ ಡಬ್ಬಿ ಕೆಳಗಿಳಿಸಿ, ಇಸ್ಪೀಟ್ ಎಲೆ ಹುಡುಕುವ ಹಾಗೆ ಹುಡುಕಿ ಒಂದು ತೆಗೆದುಕೊಟ್ಟ. 400 ರೂಪಾಯಿ. ಹಾಕಿ, ಆನ್ ಮಾಡಿ, ತೋರಿಸಿ, ಆಮೇಲೆ ದುಡ್ಡು ತಗೊಂಡ. ಹಳೇ ರ‍್ಯಾಮ್ ಕೊಳ್ಳುವವರು ಅಂಗಡಿಯಲ್ಲೇ ಹಾಕಿಸಿ ನೋಡಿಕೊಳ್ಳಿ. ಮನೆಗೆ ಬಂದ ಮೇಲೆ ಜಗಳಕ್ಕೆ ಯಾರೂ ಸಿಗುವುದಿಲ್ಲ.

ಡಿಸ್ಕ್ ಬದಲಿಸುವ ಕೆಲಸ ಇಷ್ಟು ಸಲೀಸಲ್ಲ. ರ‍್ಯಾಮಿಗೆ ಕೆಳಗಡೆ ಪುಟ್ಟ ಬಾಗಿಲಿದೆ. ಡಿಸ್ಕಿಗೆ ಕೀಬೋರ್ಡ್ ಎತ್ತಿ, ಮೇಲಿನ ಮುಚ್ಚಳವನ್ನೇ ಬಿಚ್ಚಬೇಕು. ಕೀಬೋರ್ಡಿನ ಕೆಳಗೆ ಕಾಗದದಷ್ಟು ತೆಳುವಾದ ಪಟ್ಟಿಯಂಥ ಕೇಬಲ್ ಇರುತ್ತದೆ, ಅದನ್ನು ಎಳೆದರೆ ಕಥೆ ಮುಗಿಯಿತು. ಅದು ಕೂತ ಕಡೆ ಸಣ್ಣ ಚಿಲಕ ಇದೆ, ಉಗುರಿನಲ್ಲಿ ಎಬ್ಬಿಸಿದರೆ ತಾನೇ ಸಡಿಲವಾಗುತ್ತದೆ. ನಾನು ಮುಚ್ಚಳ ಎತ್ತಿದಾಗ ಒಳಗೆ ಇರುವೆ ಸಂಸಾರ ಹೂಡಿತ್ತು. ಫ್ಯಾನಿನ ಪಕ್ಕ ಅಕ್ಕಿನುಚ್ಚಿನ ಹಾಗೆ ಬಿಳೀ ಮೊಟ್ಟೆ. ಮಲೆನಾಡಿನ ಅಟ್ಟದಲ್ಲಿ ಒಂಬತ್ತು ವರ್ಷ ಇದ್ದರೆ ಇನ್ನೇನಾಗುತ್ತದೆ! ಹಳೇ ಪೇಂಟ್ ಬ್ರಷ್‌ನಲ್ಲಿ ಎಲ್ಲ ಗುಡಿಸಿ, 120 ಜಿಬಿಯ ಎಸ್‌ಎಸ್‌ಡಿ ಹಾಕಿದೆ. ಈ ಯಂತ್ರದಲ್ಲಿ ಡಿಸ್ಕಿಗೆ ಹೋಗಿ ಬರುವ ಸಾಟಾ ದಾರಿ ಹಳೆಯದು. ಸೆಕೆಂಡಿಗೆ ಹೆಚ್ಚೆಂದರೆ 150 ಎಂಬಿ, ಅಂದರೆ ಹೊಸ ಎಸ್‌ಎಸ್‌ಡಿಯ ಅರ್ಧ ವೇಗವೂ ದಕ್ಕುವುದಿಲ್ಲ. ಹಾಗಿದ್ದರೂ ಮಾಡಿದ ಖರ್ಚಿನಲ್ಲಿ ಸಾರ್ಥಕ ಅನ್ನಿಸಿದ್ದು ಇದೇ. ಈಗ 45 ಸೆಕೆಂಡಿನಲ್ಲಿ ಕೆಲಸಕ್ಕೆ ಸಿದ್ಧ. ಲೋಟ ಆಮೇಲೆ ತೊಳೆಯಬೇಕು.

ಲಿನಕ್ಸ್ ಯಾವುದು ಹಾಕುವುದು? ಎನ್280 ಬರೀ 32 ಬಿಟ್ ಪ್ರೊಸೆಸರ್, ಅಂದರೆ 64 ಬಿಟ್‌ಗಿಂತ ಹಿಂದಿನ ಪೀಳಿಗೆಯದು. ಉಬುಂಟು ಇಂಥವುಗಳ ಕೈ ಬಿಟ್ಟು ತುಂಬಾ ವರ್ಷ ಆಯಿತು. ನಾನು ಈಗ ಬಳಸುತ್ತಿರುವುದು ಡೆಬಿಯನ್ 12, ಅದರ ಮೇಲೆ ಹಗುರವಾದ ಡೆಸ್ಕ್‌ಟಾಪ್ ಎಲ್‌ಎಕ್ಸ್‌ಡಿಇ. ಸುಮ್ನೆ ಕೂತಾಗ 250 ಎಂಬಿ ಆಸುಪಾಸು ರ‍್ಯಾಮ್ ಬಳಸುತ್ತದೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಯಂತ್ರಗಳಿಗೆ ಇನ್‌ಸ್ಟಾಲರೇ ಇಲ್ಲ. ಆದ್ದರಿಂದ 12ರಲ್ಲೇ ನಿಂತಿದ್ದೇನೆ. ನೀವು ಹಳೇ ನೆಟ್‌ಬುಕ್ ಹುಡುಕುತ್ತಿದ್ದರೆ ಎನ್450 ಪ್ರೊಸೆಸರ್ ಇರುವ 2010ರ ಮಾದರಿ ನೋಡಿ. ವೇಗ ಇಷ್ಟೇ, ಆದರೆ ಅದು 64 ಬಿಟ್. ಅದೊಂದೇ ಕಾರಣಕ್ಕೆ ಇನ್ನೂ ಕೆಲವು ವರ್ಷ ಓಡುತ್ತದೆ.

ಇನ್ನು ಪರದೆ. 1024 ಪಿಕ್ಸೆಲ್ ಅಡ್ಡ, 600 ಎತ್ತರ. ಇದರ ತೊಂದರೆ ಕನ್ನಡದವರಿಗೆ ಸ್ವಲ್ಪ ಜಾಸ್ತಿ. ಇಂಗ್ಲಿಷ್ ಸಾಲು ಒಂದೇ ಮಟ್ಟದಲ್ಲಿ ಓಡುತ್ತದೆ. ನಮ್ಮದರಲ್ಲಿ ಮೇಲೆ ತಲೆಕಟ್ಟು, ಗುಡಿಸು. ಕೆಳಗೆ ಒತ್ತಕ್ಷರ ನೇತಾಡುತ್ತದೆ. ಸಾಲುಗಳ ನಡುವೆ ಜಾಗ ಬಿಡಲೇಬೇಕು. ಈ ಪರದೆಯಲ್ಲಿ ಕಮ್ಮಿ ಇರುವುದೇ ಆ ಎತ್ತರ. ಮೊದಲ ವಾರ ಒಂದು ನೋಟಕ್ಕೆ 13 ಸಾಲು ಕಾಣುತ್ತಿತ್ತು, ಅಷ್ಟರಲ್ಲಿ ಪ್ರೂಫ್ ನೋಡುವುದು ಅಂದರೆ ಕಿಟಕಿಯ ಸಂದಿಯಿಂದ ತೇರು ನೋಡಿದ ಹಾಗೆ. ಪರದೆಯ ಕೆಳಗಿದ್ದ ಟಾಸ್ಕ್‌ಬಾರ್ ಪಟ್ಟಿಯನ್ನು ಎಡಗಡೆಗೆ ನಿಲ್ಲಿಸಿದೆ. ಅಡ್ಡಕ್ಕೆ ಜಾಗ ಬೇಕಾದಷ್ಟಿದೆ, ಅಲ್ವಾ? ಬರೆಯುವಾಗ ಎಫ್11 ಒತ್ತಿ ಪೂರ್ತಿ ಪರದೆಗೆ ಹೋಗುತ್ತೇನೆ. ಅಕ್ಷರಕ್ಕೆ ನೋಟೋ ಸಾನ್ಸ್ ಕನ್ನಡ, 13 ಪಾಯಿಂಟ್. ಈಗ 19 ಸಾಲು ಸಿಗುತ್ತದೆ. ಗುಬ್ಬಿ, ನವಿಲು ಫಾಂಟುಗಳನ್ನೂ ಹಾಕಿ ನೋಡಿದೆ. ನವಿಲು ಚೆಂದ, ಆದರೆ ನನ್ನ ಕಣ್ಣಿಗೆ ಈ ಪುಟ್ಟ ಪರದೆಯಲ್ಲಿ ನೋಟೋ ಹಿತ.

ಇನ್ನೊಂದು ಕಿರಿಕಿರಿ ಸೆಟ್ಟಿಂಗ್ ಪೆಟ್ಟಿಗೆಗಳದ್ದು. ಅವುಗಳ ಓಕೆ ಬಟನ್ ಪರದೆಯ ಕೆಳಗೆ ಎಲ್ಲೋ ಪಾತಾಳದಲ್ಲಿ ಇರುತ್ತದೆ. ಆಲ್ಟ್ ಕೀ ಹಿಡಿದು ಮೌಸಿನಲ್ಲಿ ಪೆಟ್ಟಿಗೆಯನ್ನು ಎಲ್ಲಿ ಬೇಕಾದರೂ ಹಿಡಿದು ಮೇಲಕ್ಕೆ ಎಳೆಯಬಹುದು. ಇದು ಗೊತ್ತಾಗುವ ತನಕ ನಾನು ಟ್ಯಾಬ್ ಕೀ ಎಣಿಸಿ ಎಣಿಸಿ ಕುರುಡಾಗಿ ಎಂಟರ್ ಒತ್ತುತ್ತಿದ್ದೆ. ಒಂದು ಸಲ ಎಣಿಕೆ ತಪ್ಪಿ ಒಂದು ಸೆಟ್ಟಿಂಗ್ ಪೂರ್ತಿ ಮೊದಲಿನಂತಾಯಿತು.

ಕನ್ನಡ ಟೈಪಿಂಗಿಗೆ ಐಬಸ್ ಅನ್ನುವ ಪ್ರೋಗ್ರಾಂ ಜೊತೆ ಎಂ17ಎನ್ ಹಾಕಿದರೆ ಕೆಜಿಪಿ ವಿನ್ಯಾಸ, ಅಂದರೆ ಅದೇ ಕೆ.ಪಿ. ರಾವ್ ಕೀಲಿಮಣೆ, ಸಿಗುತ್ತದೆ. ನುಡಿ ಅನ್ನುವ ಕನ್ನಡ ತಂತ್ರಾಂಶ ಬಳಸಿದ ಕೈಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ನಿಜವಾದ ತಲೆನೋವು ಹಳೇ ನುಡಿ ಫೈಲುಗಳು. ಯೂನಿಕೋಡ್ ಅಲ್ಲದ ಆ ಫೈಲನ್ನು ಫಾಂಟ್ ಇಲ್ಲದೆ ತೆರೆದರೆ ಇಂಗ್ಲಿಷ್ ಅಕ್ಷರಗಳಿಗೆ ಮೀಸೆ, ಟೋಪಿ ಇಟ್ಟ ಮೆರವಣಿಗೆ ಕಾಣುತ್ತದೆ. ಅದನ್ನು ಯೂನಿಕೋಡ್ ಮಾಡುವ ಪುಟ್ಟ ಪ್ರೋಗ್ರಾಂ ಇಟ್ಟುಕೊಂಡಿದ್ದೇನೆ. ಇಡೀ ಪುಸ್ತಕವನ್ನು ಈ ಮುದುಕ ಯಂತ್ರವೂ ಒಂದು ನಿಮಿಷದೊಳಗೆ ಬದಲಿಸಿ ಕೊಡುತ್ತದೆ. ಅರ್ಕಾವೊತ್ತು ಮಾತ್ರ ಒಮ್ಮೊಮ್ಮೆ ತಪ್ಪು ಅಕ್ಷರಕ್ಕೆ ಹೋಗಿ ಕೂರುತ್ತದೆ, ಕಣ್ಣಲ್ಲೇ ಹಿಡಿಯಬೇಕು. ಅಂದಹಾಗೆ ಟರ್ಮಿನಲ್ಲಿನಲ್ಲಿ (ಆದೇಶಗಳನ್ನು ಟೈಪ್ ಮಾಡುವ ಕಿಟಕಿ) ಕನ್ನಡ ಸರಿಯಾಗಿ ಕೂಡುವುದಿಲ್ಲ, ಒತ್ತಕ್ಷರ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಫೈಲ್ ಕೆಟ್ಟಿತು ಅಂತ ನಾನು ಮೊದಲು ಗಾಬರಿಯಾಗಿದ್ದೆ. ಕೆಟ್ಟಿರುವುದಿಲ್ಲ.

ಬರೆಯುವುದು ಮೌಸ್‌ಪ್ಯಾಡ್ ಅನ್ನುವ ಪುಟ್ಟ ಬರವಣಿಗೆ ಪ್ರೋಗ್ರಾಂನಲ್ಲಿ. ಲಿಬ್ರೆ ಆಫೀಸ್ ಏಳಲು 20 ಸೆಕೆಂಡ್ ಬೇಕು. ಪುಟ ಕಟ್ಟುವಾಗ ಮಾತ್ರ ಅದನ್ನು ಎಬ್ಬಿಸುತ್ತೇನೆ.

ಈಗ ಆ ಭಾರದ ವಿಷಯ. ಇಂಟರ್‌ನೆಟ್. ಲಿನಕ್ಸಿನ 32 ಬಿಟ್ಟಿಗೆ ಕ್ರೋಮ್ 2016ರಲ್ಲೇ ನಿಂತಿತು. ಉಳಿದದ್ದು ಫೈರ್‌ಫಾಕ್ಸ್. ಅದೂ 144ನೇ ಆವೃತ್ತಿಯ ನಂತರ 32 ಬಿಟ್ ಲಿನಕ್ಸಿಗೆ ಬರುತ್ತಿಲ್ಲ. ಇಎಸ್‌ಆರ್ 140ಕ್ಕೆ, ಅಂದರೆ ಹೆಚ್ಚು ಕಾಲ ದುರಸ್ತಿ ಸಿಗುವ ಫೈರ್‌ಫಾಕ್ಸ್ ಆವೃತ್ತಿಗೆ, 2026ರ ಸೆಪ್ಟೆಂಬರ್ ವರೆಗಾದರೂ ದುರಸ್ತಿ ಕೊಡುತ್ತೇವೆ ಅಂದಿದ್ದಾರೆ. ನಾನು ಅದರಲ್ಲಿದ್ದೇನೆ. ಮೊದಲು ಹಾಕಿದ್ದು ಯುಬ್ಲಾಕ್ ಒರಿಜಿನ್. ಜಾಹೀರಾತು ನಿಂತರೆ ಓದಲು ಹಿತ ಅಂತ ಹಾಕಿದ್ದು, ಆದರೆ ಯಂತ್ರ ಉಸಿರಾಡಲು ಶುರು ಮಾಡಿದ್ದೇ ಆಗ. ಒಂದೇ ಸುದ್ದಿ ಪುಟಕ್ಕೆ ಮೊದಲು ಫ್ಯಾನ್ ಕೂಗುತ್ತಿತ್ತು, ಈಗ ಸುಮ್ಮನಿರುತ್ತದೆ. ಮೂರು ಟ್ಯಾಬ್ ನನ್ನ ಲಕ್ಷ್ಮಣರೇಖೆ. ನಾಲ್ಕನೆಯದು ತೆರೆದರೆ ಟೈಪ್ ಮಾಡಿದ ಅಕ್ಷರ ಯೋಚನೆ ಮಾಡಿ ಮೂಡುತ್ತದೆ. ಝಡ್‌ರ‍್ಯಾಮ್ ಹಾಕಿದ ಮೇಲೆ ಸ್ವಲ್ಪ ವಾಸಿ. ಅದು ರ‍್ಯಾಮಿನಲ್ಲಿ ಇರುವುದನ್ನೇ ಅಮುಕಿ ಮಡಚಿಟ್ಟು ಜಾಗ ಮಾಡಿಕೊಡುತ್ತದೆ, ಟ್ರಂಕಿನಲ್ಲಿ ರಗ್ಗು ತುಂಬುವ ಹಾಗೆ.

ಯೂಟ್ಯೂಬನ್ನು ಬ್ರೌಸರಿನಲ್ಲಿ ನೋಡುವ ಆಸೆ ಬಿಟ್ಟಿದ್ದೇನೆ. ಈ ಚಿಪ್ಪಿಗೆ ಇವತ್ತಿನ ವಿಡಿಯೋ ಬಿಡಿಸುವ ಯಂತ್ರಾಂಗವೇ ಇಲ್ಲ, ಎಲ್ಲ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ. ಎಂಪಿವಿ ಅನ್ನುವ ವಿಡಿಯೋ ಪ್ಲೇಯರಿನಲ್ಲಿ 360ಪಿ ಎಂಪಿ4 ಹಾಕಿದರೆ ತಡೆಯಿಲ್ಲದೆ ಓಡುತ್ತದೆ. ಯಕ್ಷಗಾನ ನೋಡಲು ಅಷ್ಟು ಸಾಕು, ಚೆಂಡೆ ಕೇಳಿದರೆ ಆಯಿತು. ಬ್ಯಾಂಕು, ಟಿಕೆಟ್ಟು, ವಿಡಿಯೋ ಕಾಲ್, ವಾಟ್ಸ್ಯಾಪ್ ಎಲ್ಲ ಫೋನಿನಲ್ಲಿ. ಫೋನಿಗೆ ಬಂದ ಕರಡನ್ನು ಕೇಬಲ್ ಹಾಕಿ ಇದಕ್ಕೆ ಇಳಿಸಿಕೊಳ್ಳುತ್ತೇನೆ. ಇದರ ವೈಫೈ 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತದೆ. ಹೊಸ ರೂಟರಿನ 5 ಗಿಗಾಹರ್ಟ್ಸ್ ಹೆಸರು ಪಟ್ಟಿಯಲ್ಲಿ ಬರುವುದೇ ಇಲ್ಲ. ಅದಕ್ಕೆ ವೈಫೈ ಕೆಟ್ಟಿದೆ ಅಂದುಕೊಳ್ಳಬೇಡಿ.

ಎರಡು ಎಡವಟ್ಟು ಹೇಳಲೇಬೇಕು. ಒಂದು ದಿನ ಬೆಳಗ್ಗೆ ಯಾವ ತಾಣ ತೆರೆದರೂ ಸುರಕ್ಷಿತವಲ್ಲ ಅನ್ನತೊಡಗಿತು. ಇಮೇಲೂ ಇಲ್ಲ. ವೈರಸ್ ಅಂತ ಅರ್ಧ ದಿನ ಒದ್ದಾಡಿದೆ. ಅಣ್ಣನ ಮಗಳು ಬಂದವಳು ಮೂಲೆಯ ಗಡಿಯಾರ ನೋಡಿ, "ಚಿಕ್ಕಪ್ಪಾ, ನಿಮ್ ಕಂಪ್ಯೂಟ್ರಲ್ಲಿ ಇನ್ನೂ 2009 ನಡೀತಿದೆ" ಅಂದಳು. ತಾರೀಕು ನೆನಪಿಡುವ ನಾಣ್ಯದಂಥ ಸಣ್ಣ ಬ್ಯಾಟರಿ ಸತ್ತಿತ್ತು. ತಾಣಗಳ ಪ್ರಮಾಣಪತ್ರಕ್ಕೆ ಅವಧಿ ಇರುತ್ತದೆ, 2009ರಲ್ಲಿ ಕೂತು ನೋಡಿದರೆ ಅವು ಇನ್ನೂ ಹುಟ್ಟೇ ಇಲ್ಲ. ಬ್ಯಾಟರಿ ಬದಲಿಸಿದೆ, ಸರಿಹೋಯಿತು.

ಇನ್ನೊಂದು ದೊಡ್ಡ ಬ್ಯಾಟರಿಯ ಕಥೆ. ಮೂಲದ್ದು 20 ನಿಮಿಷಕ್ಕೆ ಸುಸ್ತಾಗುತ್ತಿತ್ತು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕ ಡೂಪ್ಲಿಕೇಟ್ ತರಿಸಿದೆ. ಅದು 60 ಶೇಕಡಾ ಅಂತ ತೋರಿಸುತ್ತಲೇ ಇತ್ತು. ಆಷಾಢದ ಒಂದು ರಾತ್ರಿ ಕರೆಂಟ್ ಹೋಗಿತ್ತು. 60 ಇದೆಯಲ್ಲ ಅಂತ ಧೈರ್ಯವಾಗಿ ತಿದ್ದುತ್ತಿದ್ದೆ, ದೀಪ ಊದಿದ ಹಾಗೆ ಆರಿತು. ಎರಡು ಅಧ್ಯಾಯದ ತಿದ್ದುಪಡಿ ಹೋಯಿತು. ಸ್ವಲ್ಪ ಜಾಸ್ತಿ ಕೊಟ್ಟು ತಂದ ಮೂರನೆಯದು ಈಗ ಮೂರೂವರೆ ಗಂಟೆ ಬರುತ್ತದೆ. ಕೈ ಮಾತ್ರ ಎರಡು ಸಾಲಿಗೊಮ್ಮೆ ಕಂಟ್ರೋಲ್ ಎಸ್ ಒತ್ತುತ್ತದೆ. ಇದರ ಚಾರ್ಜರ್ ಬರೀ 40 ವ್ಯಾಟ್. ಕರೆಂಟ್ ದಿನಗಟ್ಟಲೆ ಇಲ್ಲದ ಮಳೆಗಾಲದಲ್ಲಿ ಮನೆಯ ಹಳೇ ಇನ್ವರ್ಟರ್ ಮೇಲೆ ಒಂದು ಫ್ಯಾನಿಗಿಂತ ಜಾಸ್ತಿ ಹೊರೆ ಹಾಕುವುದಿಲ್ಲ, ಹಾಗಾಗಿ ಮನೆಯಲ್ಲಿ ಯಾರೂ ಗೊಣಗುವುದಿಲ್ಲ.

ಎಫ್ ಕೀ ಏನಾಯಿತು? ಮೊದಲು ಅದರ ಮೇಲಿನ ಅಕ್ಷರ ಅಳಿಸಿತು. ಆಮೇಲೆ ಕೆಳಗಿನ ರಬ್ಬರ್ ಸೋತು, ಎರಡೆರಡು ಸಲ ಒತ್ತಿದರೆ ಮಾತ್ರ ಬೀಳುವ ಹಾಗಾಯಿತು. ಅಮ್ಮ ಹೋಗಿ ಅಮಮ ಆಗುತ್ತಿತ್ತು. ಹೊಸ ಕೀಬೋರ್ಡ್ ತರಿಸುವಷ್ಟು ತಾಳ್ಮೆ ಇರಲಿಲ್ಲ. ನಮ್ಮ ವಿನ್ಯಾಸದಲ್ಲಿ ಕಮ್ಮಿ ಕೆಲಸ ಇರುವ ಕೀ ಯಾವುದು ಅಂತ ಯೋಚಿಸಿದೆ. ಝಡ್! ಅದರಲ್ಲಿ ಇರುವುದು ಞ, ಶಿಫ್ಟ್ ಹಿಡಿದರೆ ಙ. ಯಾರು ಬರೆಯುತ್ತಾರೆ? ಸೂಜಿಯಲ್ಲಿ ಎರಡೂ ಕೀ ಎಬ್ಬಿಸಿ, ಝಡ್ಡಿನ ರಬ್ಬರ್ ಎಫ್‌ಗೆ, ಎಫ್‌ನ ಸೋತ ರಬ್ಬರ್ ಝಡ್‌ಗೆ ಹಾಕಿದೆ. ಒತ್ತಕ್ಷರ ಮತ್ತೆ ಟಪಟಪ ಬೀಳತೊಡಗಿತು.

ಮರುವಾರ ಕರಡಿಗೆ ಬಂದದ್ದು ವಿಜ್ಞಾನ ಲೇಖನಗಳ ಪುಸ್ತಕ. 212 ಪುಟ.