ಮಂಡಿ ಬದಲಿಸಿದ ಮೇಲಿನ ನೋವು: ನಾನು ನಿಭಾಯಿಸಿದ ಬಗೆ

ಮಂಡಿ ಆಪರೇಷನ್ ಆದವರನ್ನು ಮಾತಾಡಿಸಲು ಬರುವವರೆಲ್ಲ ಮೊದಲು ಕೇಳುವುದು ಒಂದೇ: "ತುಂಬಾ ನೋಯುತ್ತಾ?" ನೋಯುತ್ತದೆ. ಸುಳ್ಳು ಹೇಳಿ ಧೈರ್ಯ ತುಂಬಲು ನನಗೆ ಇಷ್ಟವಿಲ್ಲ. ಸವೆದ ಮೂಳೆಯ ತುದಿಗಳನ್ನು ಕತ್ತರಿಸಿ, ಲೋಹದ ಕೀಲು ಕೂರಿಸಿ, ನಡುವೆ ಗಟ್ಟಿ ಪ್ಲಾಸ್ಟಿಕ್ ಇಟ್ಟಿರುತ್ತಾರೆ. ಅಷ್ಟು ದೊಡ್ಡ ಕೆಲಸ ಆದ ಕಾಲು ಸುಮ್ನೆ ಇರುತ್ತದೆಯೇ? ಆದರೆ ಆ ನೋವನ್ನು ಹಲ್ಲು ಕಚ್ಚಿ ತಡೆದುಕೊಳ್ಳಬೇಕಾಗಿಲ್ಲ. ಅದು ತಲೆ ಎತ್ತುವ ಮೊದಲೇ ಹಿಡಿಯಬೇಕು. ಹಿಡಿತದಲ್ಲಿರುವ ಹೊತ್ತಿನಲ್ಲೇ ಕಾಲು ಆಡಿಸಬೇಕು. ನಾನು ಮಾಡಿದ್ದು ಇಷ್ಟೇ.

ನಮ್ಮದು ಸಕಲೇಶಪುರ ತಾಲ್ಲೂಕು, ಬಾಳ್ಳುಪೇಟೆ ಹತ್ತಿರದ ಹಳ್ಳಿ. ಮೇಷ್ಟ್ರಮ್ಮನಾಗಿದ್ದವಳು ನಾನು, ಸರ್ವಿಸ್ ಪೂರ್ತಿ ನಿಂತೇ ಪಾಠ ಮಾಡಿದ ಕಾಲು ಇದು. ಬಲ ಮಂಡಿಯ ಆಪರೇಷನ್ ಹಾಸನದಲ್ಲಿ ಆಯಿತು. ರೋಬಸ್ಟಾ ಕಾಫಿ ಕೊಯ್ಲು ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು ಅಂತ ಮಾರ್ಚ್ ತಿಂಗಳನ್ನು ನಾವೇ ಕೇಳಿ ತೆಗೆದುಕೊಂಡೆವು. ಆಗ ಮನೆಯವರಿಗೆ ಸ್ವಲ್ಪ ಬಿಡುವು, ಅಂಗಳದಲ್ಲಿ ಪಾಚಿ ಇರುವುದಿಲ್ಲ, ವಾಕರ್ ಹಿಡಿದು ಓಡಾಡಬಹುದು. ಮಲೆನಾಡಿನವರು ಇದನ್ನು ಯೋಚಿಸಲೇಬೇಕು.

ಮೊದಲ ಸಂಜೆ ನನಗೆ ನೋವೇ ಇರಲಿಲ್ಲ. ಬೆನ್ನಿಗೆ ಕೊಟ್ಟ ಇಂಜೆಕ್ಷನ್ ಅಲ್ಲದೆ ತೊಡೆಯ ನರದ ಪಕ್ಕದಲ್ಲೂ ಒಂದು ಕೊಟ್ಟಿದ್ದರು. ಅದಕ್ಕೆ ಬ್ಲಾಕ್ ಅನ್ನುತ್ತಾರೆ. ಅರಿವಳಿಕೆ ಡಾಕ್ಟರು ಮೊದಲೇ ಹೇಳಿದ್ದರು: "ಅಮ್ಮಾ, ಇವತ್ತಿನ ಆರಾಮ ನಂಬಬೇಡಿ. ಬ್ಲಾಕ್ ಇಳಿಯುವಾಗ ನೋವು ಒಂದೇ ಸಲಕ್ಕೆ ಏರುತ್ತೆ. ಜೋಮು ಬಿಡ್ತಾ ಇದೆ ಅನ್ನಿಸಿದ ಕೂಡಲೇ ಸಿಸ್ಟರ್‌ಗೆ ಹೇಳಿ." ನಡುರಾತ್ರಿ ಕಾಲಬೆರಳುಗಳಲ್ಲಿ ಚುಮುಚುಮು ಶುರುವಾಯಿತು. ನೋವು ಇನ್ನೂ ಬಂದಿರಲಿಲ್ಲ, ಆದರೂ ಗಂಟೆ ಒತ್ತಿದೆ. ಡ್ರಿಪ್‌ನಲ್ಲಿ ಔಷಧಿ ಹಾಕಿದರು. ಅದು ಕೆಲಸ ಶುರು ಮಾಡುವ ಹೊತ್ತಿಗೆ ಸರಿಯಾಗಿ ಬ್ಲಾಕ್ ಇಳಿದಿತ್ತು.

ಸಿಸ್ಟರ್ ಬಂದಾಗಲೆಲ್ಲ "ನೋವು ಹತ್ತಕ್ಕೆ ಎಷ್ಟಮ್ಮಾ?" ಅಂತ ಕೇಳುತ್ತಿದ್ದರು. ಬಾಯಿಗೆ ಬಂದ ಅಂಕಿ ಹೇಳಿದರೆ ಉಪಯೋಗವಿಲ್ಲ. ನಾನು ನನ್ನದೇ ಅಳತೆ ಇಟ್ಟುಕೊಂಡೆ. ನಿದ್ದೆ ಬರುವಷ್ಟು ನೋವು ಮೂರು. ಪಕ್ಕದವರು ಮಾತಾಡಿದರೆ ಕಿವಿಗೆ ಬೀಳದಷ್ಟು ಆದರೆ ಐದು. ಕಣ್ಣಲ್ಲಿ ನೀರು ಬಂದರೆ ಏಳು. ಐದಕ್ಕೆ ಬರುವ ಮೊದಲೇ ಹೇಳುತ್ತಿದ್ದೆ. ನಮ್ಮ ವಯಸ್ಸಿನ ಹೆಂಗಸರಿಗೆ ಇದು ಕಷ್ಟ. ತಡೆದುಕೊಳ್ಳುವುದೇ ಗಟ್ಟಿತನ ಅಂತ ಬೆಳೆದವರು ನಾವು. ಆದರೆ ಈ ಆಪರೇಷನ್ನಿನಲ್ಲಿ ನೋವು ತಡೆದುಕೊಂಡು ಬಿಗಿಯಾಗಿ ಮಲಗಿದರೆ ಮಂಡಿಯೂ ಬಿಗಿಯುತ್ತದೆ. ಬಿಗಿದ ಮಂಡಿಯನ್ನು ಆಮೇಲೆ ಬಗ್ಗಿಸಲು ಹೋದರೆ ನೋವು ದುಪ್ಪಟ್ಟು.

ಮನೆಗೆ ಹೊರಡುವ ದಿನ ಮಾತ್ರೆ ನುಂಗಿ ಮುಕ್ಕಾಲು ಗಂಟೆ ಬಿಟ್ಟು ಕಾರು ಹತ್ತಿದೆ. ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಮೇಲೆ ಒಂದು ಪ್ಲಾಸ್ಟಿಕ್ ಕವರ್ ಹಾಸಿದ್ದರು. ಕೂತು ಹಾಗೇ ಜಾರಿ ತಿರುಗಬಹುದು, ಮಂಡಿ ತಿರುಚುವುದಿಲ್ಲ. ಆಲೂರಿನಲ್ಲಿ ಇಳಿದು ಎರಡು ನಿಮಿಷ ನಿಂತು ಮತ್ತೆ ಹೊರಟೆವು.

ಮನೆಯಲ್ಲಿ ಮಾತ್ರೆ ಗಡಿಯಾರ ನೋಡಿ ತೆಗೆದುಕೊಂಡೆ, ನೋವು ನೋಡಿ ಅಲ್ಲ. ಪ್ಯಾರಾಸಿಟಮಾಲ್ 650 ಆರು ಗಂಟೆಗೊಮ್ಮೆ. ನೋವು ಜಾಸ್ತಿ ಆದರೆ ಮಾತ್ರ ಟ್ರಮಡಾಲ್ ಅನ್ನುವ ಇನ್ನೂ ಜೋರಾದ ನೋವಿನ ಮಾತ್ರೆ. ಬೇರೆಯವರಿಗೆ ಊತ ಇಳಿಸುವ ನೋವಿನ ಮಾತ್ರೆ ಕೊಡುತ್ತಾರೆ. ನನಗೆ ಬಿಪಿ ಇದೆ, ಕಿಡ್ನಿಯ ರಿಪೋರ್ಟೂ ಅಷ್ಟು ಚೆನ್ನಾಗಿರಲಿಲ್ಲ, ಹಾಗಾಗಿ ಕೊಡಲಿಲ್ಲ. ಇದಕ್ಕೇ ಹೇಳುವುದು, ನನ್ನ ಚೀಟಿ ನಿಮ್ಮ ಚೀಟಿಯಲ್ಲ. ಪಕ್ಕದ ಮನೆಯವರ ಮಾತ್ರೆ ತಂದು ನುಂಗಬೇಡಿ. ಇನ್ನೊಂದು ಲೆಕ್ಕ: ಪ್ಯಾರಾಸಿಟಮಾಲ್ ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಮೀರಬಾರದು, ಮೀರಿದರೆ ಲಿವರ್‌ಗೆ ಪೆಟ್ಟು. 650ರದ್ದು ನಾಲ್ಕು ಅಂದರೆ 2600 ಮಿಲಿಗ್ರಾಂ. ಟ್ರಮಡಾಲ್ ಜೊತೆ ಸೇರಿಸಿದ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ 325 ಮಿಲಿಗ್ರಾಂ ಇರುತ್ತದೆ. ಶೀತಕ್ಕೆ ಅಂಗಡಿಯಿಂದ ತರುವ ಎಷ್ಟೋ ಮಾತ್ರೆಗಳಲ್ಲೂ ಅದೇ ಇರುತ್ತದೆ. ಸ್ಟ್ರಿಪ್‌ನ ಹಿಂದೆ ಓದಿ ಕೂಡಿಸಿ ನೋಡಿ.

ಟ್ರಮಡಾಲ್‌ನಿಂದ ತಲೆ ಸುತ್ತು, ವಾಕರಿಕೆ, ಎಲ್ಲಕ್ಕಿಂತ ಹೆಚ್ಚಾಗಿ ಮಲಬದ್ಧತೆ. ಇದನ್ನು ಹೇಳಿಕೊಳ್ಳಲು ಜನ ನಾಚುತ್ತಾರೆ. ಹೊಸ ಮಂಡಿ ಇಟ್ಟುಕೊಂಡು ಕಮೋಡ್ ಮೇಲೆ ಮುಕ್ಕುವುದು ಎಂಥಾ ಹಿಂಸೆ ಅಂತ ಅನುಭವಿಸಿದವರಿಗೇ ಗೊತ್ತು. ಡಾಕ್ಟರನ್ನು ಕೇಳಿ ಮೊದಲ ದಿನದಿಂದಲೇ ಅದಕ್ಕೂ ಔಷಧಿ ಬರೆಸಿಕೊಳ್ಳಿ. ಪಪ್ಪಾಯಿ, ಸೊಪ್ಪು, ನೀರು ತಪ್ಪಿಸಬೇಡಿ.

ಒಂದು ಸ್ಕೂಲ್ ನೋಟ್‌ಬುಕ್‌ನಲ್ಲಿ ಗೆರೆ ಎಳೆದು ಹೊತ್ತು, ಮಾತ್ರೆ, ನೋವಿನ ಅಂಕಿ, ಆ ದಿನ ಏನು ಮಾಡಿದೆ ಅಂತ ಬರೆದಿಟ್ಟೆ. ಇದರಿಂದ ಆದ ಲಾಭ ದೊಡ್ಡದು. ರಾತ್ರಿ ಅಂಕಿ ಆರು, ಏಳು ಅಂತ ಬಂದ ದಿನಗಳನ್ನೆಲ್ಲ ನೋಡಿದರೆ ಹಗಲಿನ ಖಾನೆಯಲ್ಲಿ ಇದ್ದದ್ದು ವ್ಯಾಯಾಮ ಅಲ್ಲ, ನೆಂಟರು! ಬಂದವರ ಮುಂದೆ ಕಾಲು ಇಳಿಬಿಟ್ಟು ಗಂಟೆಗಟ್ಟಲೆ ಕೂತಿರುತ್ತಿದ್ದೆ. ಊತ ಇಳಿದು ಪಾದಕ್ಕೆ ಬರುತ್ತಿತ್ತು. ಮಂಡಿ ಹೊಳೆಯುವಷ್ಟು ಬಿಗಿದುಕೊಳ್ಳುತ್ತಿತ್ತು. ಸೊಸೆ ಎಲ್ಲರಿಗೂ ಫೋನ್ ಮಾಡಿ ಸಂಜೆ ನಾಲ್ಕರಿಂದ ಐದು ಅಂತ ಹೇಳಿದಳು. ಆ ಹೊತ್ತಿನಲ್ಲೂ ನಾನು ಮಂಚದ ಮೇಲೆ ಕಾಲು ಚಾಚಿಯೇ ಮಾತಾಡುತ್ತಿದ್ದೆ. ಯಾರೂ ತಪ್ಪು ತಿಳಿಯಲಿಲ್ಲ. ರಾತ್ರಿಯ ಅಂಕಿ ಅದೇ ವಾರ ಇಳಿಯಿತು.

ಐಸ್ ಬಗ್ಗೆ ಹೇಳಲೇಬೇಕು. ನಮ್ಮ ಕಡೆ ಮಂಡಿ ನೋವು ಅಂದರೆ ಬಿಸಿ ಶಾಖ ಅಂತಲೇ ರೂಢಿ. ಆಪರೇಷನ್ ಆದ ಹೊಸದರಲ್ಲಿ ಬಿಸಿ ಬೇಡ, ತಣ್ಣಗಿನದೇ ಬೇಕು. ಫ್ರೀಜರ್‌ನಲ್ಲಿ ಸೀಸನ್ನಿನಲ್ಲಿ ಬಿಡಿಸಿಟ್ಟ ಅವರೆಕಾಳು ಇತ್ತು. ಆ ಪ್ಯಾಕೆಟ್ಟನ್ನು ತೆಳು ಟವೆಲ್‌ನಲ್ಲಿ ಸುತ್ತಿ ಮಂಡಿ ಮೇಲೆ ಇಟ್ಟರೆ ಎರಡೂ ಪಕ್ಕಕ್ಕೆ ಇಳಿದು ಚೆನ್ನಾಗಿ ಕೂರುತ್ತದೆ. ಐಸ್ ಗಡ್ಡೆ ಹಾಗೆ ಕೂರುವುದಿಲ್ಲ. ಒಂದು ಸಲಕ್ಕೆ 15ರಿಂದ 20 ನಿಮಿಷ, ಅದಕ್ಕಿಂತ ಜಾಸ್ತಿ ಬೇಡ, ಬರೀ ಚರ್ಮಕ್ಕೆ ತಾಗಿಸಲೂ ಬೇಡ. ಡ್ರೆಸ್ಸಿಂಗ್ ಒದ್ದೆಯಾಗಬಾರದು. ವ್ಯಾಯಾಮ ಮುಗಿದ ಮೇಲೆ ಮತ್ತು ಮಲಗುವ ಮೊದಲು ತಪ್ಪಿಸುತ್ತಿರಲಿಲ್ಲ.

ಕಾಲು ಎತ್ತರದಲ್ಲಿಡಬೇಕು, ಆದರೆ ದಿಂಬು ಎಲ್ಲಿ ಅನ್ನುವುದು ಮುಖ್ಯ. ಮಂಡಿಯ ಕೆಳಗೆ ದಿಂಬು ಇಟ್ಟರೆ ಸ್ವರ್ಗ. ನಮ್ಮ ಯಜಮಾನರು ಪ್ರೀತಿಯಿಂದ ಅಲ್ಲೇ ಇಡುತ್ತಿದ್ದರು. ಫಿಸಿಯೋ ಹುಡುಗಿ ಬಂದವಳೇ ಎಳೆದು ತೆಗೆದಳು. "ಅಂಕಲ್, ಇಲ್ಲಿಟ್ಟರೆ ಆಂಟಿ ಕಾಲು ಬಗ್ಗಿದ ಹಾಗೇ ಉಳಿಯುತ್ತೆ. ಹಿಮ್ಮಡಿ ಕೆಳಗೆ ಇಡಿ." ಮಂಡಿ ಬಗ್ಗಿಸುವುದರ ಬಗ್ಗೆ ಎಲ್ಲರೂ ಚಿಂತೆ ಮಾಡುತ್ತಾರೆ. ನೆಟ್ಟಗಾಗುವುದೂ ಅಷ್ಟೇ ಮುಖ್ಯ, ಇಲ್ಲದಿದ್ದರೆ ಕುಂಟು ಹೋಗುವುದಿಲ್ಲ. ಹಿಮ್ಮಡಿ ಕೆಳಗೆ ಟವೆಲ್ ಸುರುಳಿ ಇಟ್ಟು, ತೊಡೆ ಬಿಗಿಮಾಡಿ ಮಂಡಿಯನ್ನು ಹಾಸಿಗೆಗೆ ಒತ್ತುವುದು. ನೋಡಲು ಏನೂ ಅಲ್ಲ, ಮಾಡುವಾಗ ಬೆವರು ಬರುತ್ತದೆ.

ವ್ಯಾಯಾಮಕ್ಕೆ ಅರ್ಧ, ಮುಕ್ಕಾಲು ಗಂಟೆ ಮೊದಲು ಮಾತ್ರೆ ಬೀಳುವಂತೆ ಹೊತ್ತು ಹೊಂದಿಸಿಕೊಂಡೆ. ಇದು ನನ್ನ ಅತಿ ಮುಖ್ಯ ಉಪಾಯ. ಹಿಮ್ಮಡಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ಹಾಸಿಗೆ ಮೇಲೆ ಹಿಂದಕ್ಕೆ ಜಾರಿಸುವುದು, ಮಂಚದ ಅಂಚಿನಲ್ಲಿ ಕೂತು ಒಳ್ಳೆಯ ಕಾಲಿನಿಂದ ಆಪರೇಷನ್ ಕಾಲನ್ನು ಮೆಲ್ಲಗೆ ಹಿಂದಕ್ಕೆ ತಳ್ಳುವುದು. ಎಳೆದ ಹಾಗೆ, ಬಿಗಿದ ಹಾಗೆ ನೋಯುತ್ತದೆ. ನಿಲ್ಲಿಸಿದ ಮೇಲೆ ಸ್ವಲ್ಪ ಹೊತ್ತಿನಲ್ಲಿ ಇಳಿದರೆ ಅದು ಸರಿಯಾದ ನೋವು. ಮರುದಿನ ಬೆಳಗ್ಗೆಯೂ ಹಾಗೇ ಇದ್ದರೆ, ಊತ ಜಾಸ್ತಿಯಾದರೆ, ಹಿಂದಿನ ದಿನ ಅತಿಯಾಯಿತು ಅಂತ ಅರ್ಥ. ಆ ದಿನ ಕಮ್ಮಿ ಮಾಡಿದೆ, ಪೂರ್ತಿ ಬಿಡಲಿಲ್ಲ.

ರಾತ್ರಿಗಳೇ ಕಷ್ಟ. ಹಗಲು ಗದ್ದಲದಲ್ಲಿ ಮರೆತ ನೋವು ದೀಪ ಆರಿಸಿದ ಮೇಲೆ ಬರುತ್ತದೆ. ಕೊನೆಯ ಮಾತ್ರೆ ಮಲಗುವ ಹೊತ್ತಿಗೆ ಸರಿಸಿಕೊಂಡೆ. ಪಕ್ಕಕ್ಕೆ ಮಲಗುವಾಗ ಎರಡು ಕಾಲಿನ ನಡುವೆ ದಿಂಬು. ಎಚ್ಚರವಾದರೆ ಹೊರಳಾಡದೆ ಎದ್ದು ವಾಕರ್ ಹಿಡಿದು ಹಾಲ್‌ವರೆಗೆ ಹೋಗಿ ಬರುತ್ತಿದ್ದೆ. ಬಿಗಿತ ಸಡಿಲವಾಗಿ ಮತ್ತೆ ನಿದ್ದೆ ಹತ್ತುತ್ತಿತ್ತು. ಮೊದಲ ಒಂದೂವರೆ ತಿಂಗಳು ನಿದ್ದೆ ಚೂರುಚೂರೇ. ಇದು ನಿಮ್ಮೊಬ್ಬರಿಗೇ ಅಂತ ಗಾಬರಿಯಾಗಬೇಡಿ.

ಎಣ್ಣೆ ನೀವಿಸುತ್ತೇನೆ ಅಂತ ಬಂದವರಿಗೆ ಕೈಮುಗಿದು ಬೇಡ ಅಂದೆ. ಗಾಯಕ್ಕೆ ಎಣ್ಣೆ ತಾಗಬಾರದು, ಅದೊಂದು. ಇನ್ನೂ ಭಯದ ವಿಷಯ ಮೀನಖಂಡ. ಈ ಆಪರೇಷನ್ ಆದ ಮೇಲೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಅದಕ್ಕೇ ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟಿರುತ್ತಾರೆ, ಪಾದ ಮೇಲೆ ಕೆಳಗೆ ಆಡಿಸಿ ಅನ್ನುತ್ತಾರೆ. ಅಲ್ಲಿ ನೀವಿದರೆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಮೀನಖಂಡ ಒಂದೇ ಕಡೆ ಊದಿ ನೋಯುತ್ತಿದ್ದರೆ, ಗಾಯದಲ್ಲಿ ಕೀವು ಅಥವಾ ಹರಡುವ ಕೆಂಪು ಕಂಡರೆ, ಚಳಿ ಜ್ವರ ಬಂದರೆ ಮಾತ್ರೆ ನುಂಗಿ ಕಾಯಬೇಡಿ, ಅದೇ ದಿನ ಡಾಕ್ಟರಿಗೆ ತೋರಿಸಿ. ಎದೆ ನೋವು, ಉಸಿರಾಟಕ್ಕೆ ತೊಂದರೆ ಆದರೆ 108ಕ್ಕೆ ಫೋನ್ ಮಾಡಿ.

ಹೊಲಿಗೆ ಬಿಚ್ಚಿದ ಮೇಲೆ ಡಾಕ್ಟರನ್ನು ಕೇಳಿ ಮೊದಲು ಟ್ರಮಡಾಲ್ ಬಿಟ್ಟೆ. ಪ್ಯಾರಾಸಿಟಮಾಲ್ ವ್ಯಾಯಾಮದ ಮೊದಲು ಮತ್ತು ರಾತ್ರಿಗೆ ಮಾತ್ರ ಉಳಿಯಿತು. ಆಮೇಲೆ ಅದೂ ಬೇಡವಾಯಿತು. ಜೂನ್ ಮಳೆಗೆ ಮಂಡಿ ಸ್ವಲ್ಪ ಹಿಡಿದುಕೊಂಡಿತು, ಬೆಚ್ಚಗೆ ಉಣ್ಣೆ ಪಟ್ಟಿ ಸುತ್ತಿ ಓಡಾಡಿದೆ. ಮುಟ್ಟಿದರೆ ಇನ್ನೊಂದು ಮಂಡಿಗಿಂತ ಬಿಸಿ ಅನ್ನಿಸುವುದು ತಿಂಗಳುಗಟ್ಟಲೆ ಇರುತ್ತದೆ. ನಡೆಯುವಾಗ ಒಳಗೆ ಟಕ್ ಅನ್ನುತ್ತದೆ, ಅದು ಲೋಹ ಮತ್ತು ಪ್ಲಾಸ್ಟಿಕ್ ತಾಗುವ ಸದ್ದು. ಗಾಯದ ಹೊರಪಕ್ಕ ಅಂಗೈಯಷ್ಟು ಜಾಗ ಮುಟ್ಟಿದರೆ ಗೊತ್ತಾಗುವುದಿಲ್ಲ. ಚರ್ಮದ ಸಣ್ಣ ನರ ಕತ್ತರಿಸಿರುತ್ತದೆ, ಕೆಲವರಿಗೆ ಅದು ಹಾಗೇ ಉಳಿಯುತ್ತದೆ. ನಡೆಯಲು ಅದರಿಂದ ತೊಂದರೆಯಿಲ್ಲ. ಈಗ ತುಂಬಾ ಹೊತ್ತು ಕೂತು ಎದ್ದಾಗ ಮೊದಲ ನಾಲ್ಕು ಹೆಜ್ಜೆ ಬಿಗಿ, ಆಮೇಲೆ ಸಲೀಸು.