ಎರಡನೆಯ ದನಿಯನ್ನು ನಾನು ಕಲಿತ ಬಗೆ

ಕರ್ನಾಟಕ ಸಂಗೀತದಲ್ಲಿ ಪಳಗಿದ ಕಿವಿಗೆ ಹಾರ್ಮನಿ, ಅಂದರೆ ಮುಖ್ಯ ಗಾಯಕನ ಜೊತೆಜೊತೆಗೇ ಬೇರೆ ಸ್ವರಗಳಲ್ಲಿ ಸಾಗುವ ಎರಡನೆಯ ದನಿ, ಬೇಗ ಒಗ್ಗುವುದಿಲ್ಲ. ನಾನು ಅದನ್ನು ರೂಢಿಸಿಕೊಂಡದ್ದು ಅಮೆರಿಕದ ಬ್ಲೂಗ್ರಾಸ್ (ಬ್ಯಾಂಜೊ, ಪಿಟೀಲುಗಳ ಜನಪದ ಮೂಲದ ಸಂಗೀತ) ಗಾಯಕಿ ಅಲಿಸನ್ ಕ್ರಾಸ್ ಅವರ ‘ಎ ಹಂಡ್ರೆಡ್ ಮೈಲ್ಸ್ ಆರ್ ಮೋರ್’ ಸಂಕಲನವನ್ನು ಮುಂದಿಟ್ಟುಕೊಂಡು. ರೌಂಡರ್ ರೆಕಾರ್ಡ್ಸ್ 2007ರಲ್ಲಿ ಹೊರತಂದ ಇದರ 16 ಹಾಡುಗಳಲ್ಲಿ ಐದು ಅಲ್ಲಿಯವರೆಗೆ ಬಿಡುಗಡೆಯಾಗಿರಲಿಲ್ಲ. ಉಳಿದವು ಅವರು ಚಲನಚಿತ್ರಗಳಿಗೂ ಇತರ ಕಲಾವಿದರ ಆಲ್ಬಮ್‌ಗಳಿಗೂ ಹಾಡಿದಂಥವು. ಹಾಡಿನಿಂದ ಹಾಡಿಗೆ ಜೊತೆಗಾರರು ಬದಲಾಗುವುದರಿಂದ, ಒಂದೇ ತಂಡದ ಆಲ್ಬಮ್‌ಗಿಂತ ಇದು ಕಲಿಯುವವರಿಗೆ ಹೆಚ್ಚು ಅನುಕೂಲ.

ಆಲ್ಬಮ್‌ನ ಕ್ರಮವನ್ನು ಬದಿಗಿಟ್ಟು, 2000ದ ‘ಓ ಬ್ರದರ್, ವೇರ್ ಆರ್ಟ್ ದೌ?’ ಚಿತ್ರಕ್ಕೆ ಅವರು ಹಾಡಿದ ‘ಡೌನ್ ಟು ದ ರಿವರ್ ಟು ಪ್ರೇ’ಯಿಂದ ಆರಂಭಿಸಿದೆ. ವಾದ್ಯಗಳಿಲ್ಲದ ಈ ಭಕ್ತಿಗೀತೆ ಒಂಟಿ ದನಿಯಲ್ಲಿ ತೊಡಗಿ, ಚರಣಗಳು ಸಾಗಿದಂತೆ ದನಿಗಳನ್ನು ಸೇರಿಸಿಕೊಳ್ಳುತ್ತ ಹೋಗುತ್ತದೆ. ಧಾಟಿ ಹೆಚ್ಚುಕಡಿಮೆ ಮೋಹನ ರಾಗದ ಸ್ವರಗಳಲ್ಲೇ ಇರುವುದರಿಂದ ಮುಖ್ಯ ದನಿಯನ್ನು ಸರಿಗಮದಲ್ಲಿ ಬರೆದುಕೊಳ್ಳುವುದು ಕಷ್ಟವಾಗಲಿಲ್ಲ. ಕಷ್ಟವಿದ್ದದ್ದು ಅದರ ಮೇಲಿನ ಸಾಲಿನಲ್ಲಿ: ಮುಖ್ಯ ದನಿ ಷಡ್ಜದಲ್ಲಿದ್ದಾಗ ಗಾಂಧಾರವನ್ನೂ, ಗಾಂಧಾರಕ್ಕೆ ಏರಿದಾಗ ಪಂಚಮವನ್ನೂ ಹಿಡಿಯಬಹುದು, ಆದರೆ ಅದು ರಿಷಭಕ್ಕೆ ಬಂದಾಗ ಮಧ್ಯಮವೋ ಪಂಚಮವೋ ಎಂಬುದನ್ನು ಆ ಕ್ಷಣದ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ನಿರ್ಧರಿಸುತ್ತದೆ. ಎರಡು ದನಿಗಳ ನಡುವಿನ ಅಂತರ ಹೀಗೆ ಹೆಜ್ಜೆಹೆಜ್ಜೆಗೂ ಹಿಗ್ಗಿ ಕುಗ್ಗುತ್ತದೆ ಎಂಬುದನ್ನು ಬರೆದು ನೋಡದೆ, ಬರಿಯ ಕೇಳ್ಮೆಯಿಂದ ನಾನು ಗ್ರಹಿಸುತ್ತಿರಲಿಲ್ಲ.

ಮುಂದಿನ ಪಾಠ ಜೇಮ್ಸ್ ಟೇಲರ್ ಅವರೊಡನೆ ಹಾಡಿದ ‘ಹೌಸ್ ದ ವರ್ಲ್ಡ್ ಟ್ರೀಟಿಂಗ್ ಯು’. ಜೋಡಿದನಿಗೆ ಹೆಸರಾದ ಲೂವಿನ್ ಸಹೋದರರಿಗೆ ಗೌರವಾರ್ಥವಾಗಿ 2003ರಲ್ಲಿ ಬಂದ ಆಲ್ಬಮ್‌ನ ಹಾಡಿದು. ವಿಳಂಬಗತಿಯಾದ್ದರಿಂದ ಇಬ್ಬರೂ ಸ್ವರಾಕ್ಷರವನ್ನು ಎಲ್ಲಿ ಬಿಡುತ್ತಾರೆ, ಉಸಿರನ್ನು ಎಲ್ಲಿ ತೆಗೆದುಕೊಳ್ಳುತ್ತಾರೆ ಎಂಬುದು ಸ್ಪಷ್ಟವಾಗಿ ಕೇಳುತ್ತದೆ. ಇಲ್ಲಿ ನನ್ನ ಕಂಪಿತವನ್ನು, ಅಂದರೆ ಸ್ವರವನ್ನು ಅಲುಗಿಸುವ ಗಮಕವನ್ನು, ಪೂರ್ತಿ ಬಿಡಬೇಕಾಯಿತು; ಒಂದು ದನಿ ನಿಂತಿರುವಾಗ ಇನ್ನೊಂದು ಅಲುಗಿದರೆ ಎರಡೂ ಅಪಸ್ವರದಂತೆ ಕೇಳುತ್ತವೆ. ತಂಬೂರಿ ಶ್ರುತಿ ಹಾಕಿಕೊಂಡು ಉದ್ದ ಸ್ವರಗಳನ್ನು ನೇರವಾಗಿ ನಿಲ್ಲಿಸುವ ಅಭ್ಯಾಸವೇ ಇದಕ್ಕೆ ಮದ್ದಾಯಿತು (ಅಕಾರ ಸಾಧನೆ, ಅಂದರೆ ಸ್ವರಗಳನ್ನು ‘ಆ’ ಎಂದು ಹಾಡುವ ಅಭ್ಯಾಸ, ಕೊನೆಗೂ ಇಂಥ ಕಡೆ ಕೈಹಿಡಿಯಿತು).

ಬ್ರಾಡ್ ಪೈಸ್ಲಿ ಅವರ ‘ವಿಸ್ಕಿ ಲಲಬೈ’ಯಲ್ಲಿ ಒಂದು ಚರಣ ಅವರದು, ಇನ್ನೊಂದು ಕ್ರಾಸ್ ಅವರದು, ಪಲ್ಲವಿಯಲ್ಲಿ ದನಿಗಳು ಕೂಡುತ್ತವೆ. ಅದನ್ನು ಒಮ್ಮೆ ಮುಖ್ಯ ದನಿಯಾಗಿ, ಮತ್ತೊಮ್ಮೆ ಜೊತೆದನಿಯಾಗಿ ಹಾಡಿ, ಫೋನಿನಲ್ಲಿ ಮುದ್ರಿಸಿ, ನನ್ನ ದನಿಗೆ ನಾನೇ ಜೊತೆಯಾಗಿ ಹಾಡಿದೆ. ಇಂಗ್ಲೆಂಡಿನ ಗಾಯಕ ಸ್ಟಿಂಗ್ ರಚಿಸಿದ, ‘ಕೋಲ್ಡ್ ಮೌಂಟನ್’ ಚಿತ್ರದ ಗೀತೆಯನ್ನೂ ಹೀಗೆಯೇ ಕಲಿತೆ. ಜಾನ್ ವೇಟ್ ಅವರ 1984ರ ‘ಮಿಸ್ಸಿಂಗ್ ಯು’ವಿನ ಮರುಗಾಯನ ಮಾತ್ರ ಇವುಗಳ ನಡುವೆ ನನಗೆ ಹೊರಗಿನದೆನಿಸಿತು, ಆ ಪಾಪ್ ಹಾಡಿನಿಂದ ಜೊತೆದನಿಯ ಬಗ್ಗೆ ಹೊಸದಾಗಿ ಕಲಿಯುವುದೇನೂ ಕಾಣದೆ ಅದನ್ನು ಅಭ್ಯಾಸಕ್ಕೆ ತೆಗೆದುಕೊಳ್ಳಲಿಲ್ಲ.